ಆಚೆಮನೆಗೆ ಕೊಡದ ಹೋರಿ

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಹೋರಿಯ ಹಗ್ಗ ಸುತ್ತಿಕೊಂಡು ಎಳೆದಾಗ ಕಿತ್ತುಹೋದದ್ದು ಮತ್ತೆ ಬೆಳೆಯಲೇ ಇಲ್ಲ. ಆ ಜಾಗದಲ್ಲಿ ನುಣುಪಾದ ತಿಳಿಗೆಂಪು ಚರ್ಮ ಬಂದಿತ್ತು. ದನದ ಮೈ ನೋಡುವಾಗ ಅವಳು ಅದೇ ಬೆರಳನ್ನು ಕತ್ತಿನ ಕೆಳಗೆ ಒತ್ತಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ಉಗುರಿಲ್ಲದ ಬೆರಳಿಗೆ ತೊಗಲಿನ ದಪ್ಪ ತೆಳು ಚೆನ್ನಾಗಿ ತಿಳಿಯುತ್ತದೆ ಅನ್ನುವುದು ಅವಳ ವಾದ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಅವಳ ಎದುರಿಗೆ ನಿಂತು ಸುಳ್ಳು ಅನ್ನುವ ಧೈರ್ಯ ನಮ್ಮೂರಲ್ಲಿ ಆಚೆಮನೆಯ ದೊಡ್ಡಪ್ಪನೊಬ್ಬನನ್ನು ಬಿಟ್ಟು ಯಾರಿಗೂ ಇರಲಿಲ್ಲ. ಇದು ಅತ್ತೆಯ ಬಗ್ಗೆ ಬರೆಯುತ್ತಿರುವುದು. ಆದರೆ ಆ ಮನುಷ್ಯನನ್ನು ಬಿಟ್ಟು ಅವಳ ಕತೆ ಹೇಳಲು ಬರುವುದಿಲ್ಲ. ಅದೊಂದು ಸಂಕಟ ನನಗೆ. ಅವಳನ್ನು ನೆನೆಸಿಕೊಳ್ಳಲು ಕೂತಾಗಲೂ ಅವನು ಬಂದು ಜಗುಲಿಯ ಮೇಲೆ ಕೂತುಬಿಡುತ್ತಾನೆ.

ಅತ್ತೆ ಅಂದರೆ ಅಪ್ಪನ ಅಕ್ಕ. ನಮ್ಮೂರು ಮಂಡ್ಯ ಜಿಲ್ಲೆಯ ಕೊಪ್ಪದ ಕಡೆ. ಅವಳನ್ನು ದುದ್ದದ ಹತ್ತಿರದ ಒಂದು ಊರಿಗೆ ಕೊಟ್ಟಿದ್ದರು. ಮದುವೆಯಲ್ಲಿ ತಾತ ಬಳುವಳಿಯಾಗಿ ಒಂದು ಹಳ್ಳಿಕಾರ್ ಕಡಸು ಕೊಟ್ಟಿದ್ದ. ಮಕ್ಕಳಾಗಲಿಲ್ಲ ಅಂತ ಗಂಡ ಇನ್ನೊಬ್ಬಳನ್ನು ತಂದುಕೊಂಡ. ಅತ್ತೆ ಜಗಳ ಮಾಡಲಿಲ್ಲ, ಬಾವಿಗೆ ಬೀಳಲಿಲ್ಲ. ಬೆಳಗ್ಗೆ ಎದ್ದು ಕೊಟ್ಟಿಗೆಗೆ ಹೋಗಿ, ಅಷ್ಟರಲ್ಲಿ ಹಸುವಾಗಿದ್ದ ತನ್ನ ಕಡಸನ್ನು ಬಿಚ್ಚಿಕೊಂಡು, ನಡೆದೇ ತವರಿಗೆ ಬಂದಳು. ದಾರಿಯಲ್ಲಿ ಸಿಕ್ಕವರು ಎಲ್ಲಿಗೆ ಅಂತ ಕೇಳಿದರೆ ‘ಸಂತೆಗೆ’ ಅಂದಳಂತೆ. ಒಡವೆ ಅಲ್ಲೇ ಬಿಟ್ಟಿದ್ದಳು, ಸೀರೆಗಳನ್ನೂ ಬಿಟ್ಟಿದ್ದಳು. ‘ಒಡವೇನಾರ ತರಬಾರ್ದಿತ್ತಾ’ ಅಂತ ನಮ್ಮವ್ವ ಕೇಳಿದ್ದಕ್ಕೆ, ‘ಒಡವೆ ಕರ ಆಕ್ತದಾ?’ ಅಂದಳಂತೆ.

ಮನೆ ಅಪ್ಪನದು, ಗದ್ದೆ ಅಪ್ಪನದು, ಕಬ್ಬು ಅಪ್ಪನದು. ಈ ಭೂಮಿಯ ಮೇಲೆ ಅತ್ತೆಯದ್ದು ಅಂತ ಇದ್ದದ್ದು ಆ ಹಸು ಮತ್ತು ಅದರ ಸಂತಾನ. ಹಾಗಾಗಿ ಆ ಹಸುವಿಗೆ ಯಾವ ಹೋರಿ ಅನ್ನುವುದು ಅವಳಿಗೆ ಬರೀ ದನದ ವಿಷಯವಾಗಿರಲಿಲ್ಲ.

ನಮ್ಮ ಕಡೆ ಹಸು ಬೆದೆಗೆ ಬಂದರೆ ಅದನ್ನು ಹೋರಿಯ ಹತ್ತಿರ ಹೊಡೆದುಕೊಂಡು ಹೋಗುವುದು ಗಂಡಸರ ಕೆಲಸ. ಹೆಂಗಸರು ಒಳಗೆ ಹೋಗಿಬಿಡುತ್ತಾರೆ, ಗಟ್ಟಿಯಾಗಿ ಆ ಮಾತೂ ಆಡುವುದಿಲ್ಲ. ಅತ್ತೆ ಮಾತ್ರ ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿ, ತಾನೇ ಹಗ್ಗ ಹಿಡಿದು ಹೋಗಿ, ಮುಗಿಯುವತನಕ ಅಲ್ಲೇ ನಿಂತು ನೋಡುತ್ತಿದ್ದಳು. ಸುತ್ತ ಇದ್ದ ಗಂಡಸರು ತೆಂಗಿನಮರ ನೋಡುತ್ತಾ ನಿಲ್ಲಬೇಕಾಗುತ್ತಿತ್ತು. ಒಬ್ಬ ತಡೆಯಲಾರದೆ ‘ನೀನ್ ಒಳಕ್ಕೋಗಕ್ಕ, ನಾವ್ ನೋಡ್ಕತೀವಿ’ ಅಂದ. ‘ಅಸ ನಂದು. ನಾಚ್ಕೆ ಆದ್ರೆ ನೀನೇ ಒಳಕ್ಕೋಗು’ ಅಂದಳು. ಅವನು ನಿಜವಾಗಲೂ ಒಳಕ್ಕೆ ಹೋದ.

ನಮ್ಮೂರಲ್ಲಿ ಬೀಜದ ಹೋರಿ ಇದ್ದದ್ದು ಆಚೆಮನೆಯಲ್ಲಿ. ಆಚೆಮನೆ ಅಂದರೆ ದಾಯಾದಿಗಳದು. ತಾತನ ಅಣ್ಣನ ಮಗ ಅವನು, ನನಗೆ ದೊಡ್ಡಪ್ಪ. ಪಾಲಾದಾಗ ಒಂದೇ ಮನೆಗೆ ನಡುವೆ ಗೋಡೆ ಬಂದಿತ್ತು. ಹಿತ್ತಿಲು ಮಾತ್ರ ಒಂದೇ ಉಳಿದಿತ್ತು. ಅವನ ಹೋರಿಗೆ ಕೊಂಬು ಭಾರಿ ಚೆನ್ನಾಗಿತ್ತು, ಹಿಂದಕ್ಕೆ ಬಾಗಿ ಬೆನ್ನು ಮುಟ್ಟುವ ಹಾಗಿತ್ತು. ಸುತ್ತಲ ಊರಿನ ಹಸುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ದೊಡ್ಡಪ್ಪ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಕಲ್ಲಿನ ಮೇಲೆ ಕೂತಿದ್ದರೆ ಬಂದವರು ಅವನಿಗೆ ನಮಸ್ಕಾರ ಮಾಡಿಯೇ ಹಸು ಕಟ್ಟುತ್ತಿದ್ದರು. ಅತ್ತೆ ಮಾತ್ರ ತನ್ನ ಹಸುವನ್ನು ಅಲ್ಲಿಗೆ ಹೊಡೆಯಲಿಲ್ಲ. ಹೋರಿ ತಂದ ದಿನವೇ ಜನರ ಮುಂದೆ ಕೇಳಿದ್ದಳು: ‘ಕೊಂಬು ನೋಡ್ ತಂದಿದ್ದೀಯಲ್ಲ, ಕೊಂಬು ಉಳ್ತದಾ? ಅದರ ಕಾಲ್ ನೋಡ್ದಾ?’ ಅವನ ಮುಖ ಕಪ್ಪಾಯಿತು. ಹಗೆ ಶುರುವಾದದ್ದು ಅಲ್ಲಿಂದ ಅಂತ ನನ್ನ ಲೆಕ್ಕ.

ಹೋರಿ ಆರಿಸುವುದಕ್ಕೆ ಅವಳದ್ದೇ ಒಂದು ಕ್ರಮ ಇತ್ತು. ನಾನು ಪಿಯುಸಿ ಓದುತ್ತಿದ್ದಾಗ ಮಳವಳ್ಳಿ ಕಡೆ ಒಂದು ಒಳ್ಳೆಯ ಹೋರಿ ಇದೆ ಅಂತ ಯಾರೋ ಹೇಳಿದರು. ನನ್ನನ್ನು ಜೊತೆಗೆ ಕರೆದುಕೊಂಡು ಹೋದಳು. ಬಸ್ಸಿಳಿದು ಗದ್ದೆ ಬದುವಿನ ಮೇಲೆ ನಡೆದು ಆ ಮನೆ ಹುಡುಕಿದೆವು. ಮುದುಕ ಯಜಮಾನ ಹೋರಿಯ ಮೈ ತೊಳೆಸಿ, ಕೊಂಬಿಗೆ ಎಣ್ಣೆ ಹಚ್ಚಿಸಿ, ಅಂಗಳದಲ್ಲಿ ನಿಲ್ಲಿಸಿದ್ದ. ಅತ್ತೆ ಅದರ ಕಡೆ ತಿರುಗಿಯೂ ನೋಡಲಿಲ್ಲ.

‘ಇದರವ್ವ ಎಲ್ಲವ್ಳೆ?’ ಅಂತ ಕೇಳಿದಳು.

‘ಹೋರಿ ಇಲ್ಲೇ ಅದೆ ಕಣಮ್ಮ. ಅವ್ವನ್ ಕಟ್ಕಂಡ್ ಏನ್ ಮಾಡೀಯೆ?’

‘ಮೊದ್ಲು ಅವ್ವನ್ ತೋರ್ಸಿ. ಆಮೇಲ್ ಮಗನ್ ನೋಡಾನ.’

ಮುದುಕ ನಗುತ್ತಾ ಕೊಟ್ಟಿಗೆಗೆ ಕರೆದುಕೊಂಡು ಹೋದ. ಮೂಲೆಯಲ್ಲಿ ಒಂದು ಮುದಿ ಹಸು ಮಲಗಿತ್ತು. ಅತ್ತೆ ಅದನ್ನು ಎಬ್ಬಿಸಿ, ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಗೊರಸು ಎತ್ತಿ ನೋಡಿದಳು. ಎಷ್ಟು ಸೂಲು, ಎಷ್ಟು ಕರು ಉಳಿದವು, ಹೋದವು ಯಾಕೆ ಹೋದವು ಅಂತ ಕೇಳಿದಳು. ಅದಾದ ಮೇಲೆ ಆ ಹೋರಿಗೆ ಹುಟ್ಟಿದ ಹೆಣ್ಣುಗಳು ಊರಲ್ಲಿ ಯಾರ್ಯಾರ ಮನೆಯಲ್ಲಿವೆ ಅಂತ ತಿಳಿದುಕೊಂಡು ಮನೆಮನೆಗೆ ಹೋದೆವು. ಎಲ್ಲ ಕಡೆ ಮಜ್ಜಿಗೆ ಕುಡಿದು ನನ್ನ ಹೊಟ್ಟೆ ಉಬ್ಬಿತ್ತು. ಸಂಜೆಯ ಹೊತ್ತಿಗೆ ಹೋರಿಯನ್ನು ನೀರು ಹಾಯಿಸಿದ ಗದ್ದೆಯಲ್ಲಿ ನಡೆಸಲು ಹೇಳಿದಳು. ಮುಂಗಾಲು ಊರಿದ ಗುರುತಿನ ಒಳಗೇ ಹಿಂಗಾಲು ಬೀಳುತ್ತಿತ್ತು. ಬಗ್ಗಿ ಅದನ್ನು ನೋಡಿ, ‘ಆಯ್ತು’ ಅಂದಳು. ಹೋರಿಯ ಮುಖವನ್ನು ಅವಳು ನೋಡಿದ್ದು ಆಮೇಲೆ.

ಮುಂದಿನ ಬೆದೆಗೆ ಹಸುವನ್ನು ಟೆಂಪೋದಲ್ಲಿ ಅಲ್ಲಿಗೆ ಸಾಗಿಸಿದಳು. ಗಬ್ಬ ನಿಂತಿತು. ಗಂಡು ಕರು ಹುಟ್ಟಿತು. ಎಲ್ಲರಿಗೂ ಹೆಣ್ಣು ಕರು ಬೇಕು, ಹಾಲಿಗೆ ಆಗುತ್ತದೆ ಅಂತ. ಅತ್ತೆಗೆ ಗಂಡೇ ಬೇಕಿತ್ತು. ಕರುವಿನ ಮೈ ಒರೆಸುತ್ತಾ ನನಗೆ ಹೇಳಿದಳು: ‘ನನ್ ಒಟ್ಟೇಲಿ ಬರ್ಲಿಲ್ಲ. ನನ್ ಅಸೀನ ಒಟ್ಟೇಲಿ ಬಂದದೆ. ಇವ್ನು ಬೀಜದೋರಿ ಆದ್ರೆ ಊರ ತುಂಬ ಅವನ ಕರಗಳೇ ಇರ್ತವೆ ನೋಡು. ನಾ ಸತ್ ಮೇಲೂವೆ.’ ಅವಳು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕರು ಬೂದುಬಿಳಿ, ಕಣ್ಣಿನ ಸುತ್ತ ಕಪ್ಪು. ತನ್ನ ಪಾಲಿನ ಹುರುಳಿ ಬೇಯಿಸಿ ತಿನ್ನಿಸಿ ಬೆಳೆಸಿದಳು.

ಹೋರಿಗರು ಬಲಿಯುತ್ತಿದ್ದ ಹೊತ್ತಿನಲ್ಲಿ ಅಪ್ಪನಿಗೆ ಹೊಟ್ಟೆನೋವು ಬಂದು ಮಂಡ್ಯದ ಆಸ್ಪತ್ರೆಗೆ ಸೇರಿಸಬೇಕಾಯಿತು. ಆಪರೇಷನ್ ಅಂದರು. ಅವ್ವ, ಅತ್ತೆ, ನಾನು ಮೂವರೂ ಹೋದೆವು. ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರ ಮನೆಯವರು ಆಸ್ಪತ್ರೆ ಸೇರಿದರೂ ಅವರ ದನದ ಹುಲ್ಲು ನೀರು ದಾಯಾದಿಗಳು ನೋಡಿಕೊಳ್ಳುತ್ತಾರೆ. ಮಾತು ಬಿಟ್ಟಿದ್ದರೂ, ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದರೂ ನೋಡಿಕೊಳ್ಳುತ್ತಾರೆ. ಇವರು ಕೇಳುವುದೂ ಇಲ್ಲ, ಅವರು ಹೇಳುವುದೂ ಇಲ್ಲ. ಹಿತ್ತಿಲ ಬಾಗಿಲ ಚಿಲಕ ತೆಗೆದಿಟ್ಟು ಹೋಗುವುದು ಅಷ್ಟೆ. ಅತ್ತೆ ಚಿಲಕ ತೆಗೆದಿಟ್ಟು ಬಂದಳು.

ಅದೇ ವಾರ ಅರಳಿಕಟ್ಟೆಯ ಹತ್ತಿರ ದನದ ಕ್ಯಾಂಪು ನಡೆಯಿತು. ಜಂತುಹುಳದ ಔಷಧಿ ಕುಡಿಸುವುದು, ಲಸಿಕೆ ಹಾಕುವುದು, ಬೇಡದ ಹೋರಿಗರುಗಳ ಬೀಜ ಒಡೆಯುವುದು. ದೊಡ್ಡಪ್ಪ ತನ್ನ ದನಗಳ ಜೊತೆ ನಮ್ಮ ಹೋರಿಗರುವನ್ನೂ ಹೊಡೆದುಕೊಂಡು ಹೋದ. ಬಂದಿದ್ದವರಿಗೆ ಯಾರ ಕರು ಯಾರದು ಅಂತ ಏನು ಗೊತ್ತು? ‘ನಮ್ಮನೇದೇ, ಒಡೀರಿ’ ಅಂದ. ಇಕ್ಕಳ ಹಾಕಿ ಒತ್ತಿದರು. ತನ್ನ ಹೋರಿಗೆ ಎದುರಾಳಿಯೇ ಇಲ್ಲದ ಹಾಗೆ ಮಾಡಿಕೊಂಡ.

ಅತ್ತೆ ಬಸ್ಸಿಳಿದು ಬಂದವಳು ಮನೆಯೊಳಗೆ ಕಾಲಿಡದೆ ಕೊಟ್ಟಿಗೆಗೆ ಹೋದಳು. ಹೋರಿಗರು ಹಿಂಗಾಲು ಅಗಲಿಸಿಕೊಂಡು ನಿಂತಿತ್ತು. ತೊಡೆಸಂದಿ ಊದಿತ್ತು. ಮುಂದಿಟ್ಟಿದ್ದ ಹುಲ್ಲನ್ನು ಮೂಸಿಯೂ ಇರಲಿಲ್ಲ. ಅತ್ತೆ ಬಗ್ಗಿ ನೋಡಿದಳು, ಎದ್ದಳು, ಗೋಡೆಗೆ ಕೈ ಕೊಟ್ಟು ನಿಂತುಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ಅವಳು ಗೋಡೆಯ ಕಡೆಗೆ ತಿರುಗಿಕೊಂಡಿದ್ದಾಗ.

ಅಪ್ಪ ಮನೆಗೆ ಬಂದ ಮೇಲೆ ಅರಳಿಕಟ್ಟೆಯಲ್ಲಿ ನ್ಯಾಯ ಸೇರಿತು. ದೊಡ್ಡಪ್ಪ ಸ್ವಲ್ಪವೂ ಅಳುಕಲಿಲ್ಲ. ‘ಅದು ಅಗ್ಗ ಕಿತ್ಕಂಡು ಊರೆಲ್ಲ ನೆಗೀತಿತ್ತು. ಉಪ್ಕಾರ ಆಗ್ಲಿ ಅಂತ ಮಾಡ್ಸಿದ್ದೀನಿ. ಗೇಯ್ಮೆಗೆ ಒಂದೆತ್ತಾಯ್ತಲ್ಲ’ ಅಂದ. ಹಿರಿಯರು ಹೌದು ಹೌದು ಅಂದರು. ಎತ್ತು ಉಪಯೋಗಕ್ಕೆ ಬರುತ್ತದೆ, ಹೋದದ್ದು ಹೋಯಿತು, ಬುಡವ್ವ ಅಂದರು. ಅತ್ತೆ ಎದ್ದು ನಿಂತು, ‘ನನ್ ಓರಿ ಮುಟ್ಟಕ್ಕೆ ನೀ ಯಾರು, ಅಷ್ಟು ಯೋಳು ಸಾಕು’ ಅಂದಳು. ಅವನು ಅವಳ ಕಡೆ ನೋಡದೆ, ಪಕ್ಕದವನಿಗೆ ಹೇಳುವ ಹಾಗೆ, ಎಲ್ಲರಿಗೂ ಕೇಳಿಸುವ ಹಾಗೆ ಅಂದ: ‘ಅಲ್ಲ ಕಣ್ಲಾ, ಗೊಡ್ಡಿಗ್ಯಾಕ್ಲಾ ಬೀಜದೋರಿ?’

ಜನ ನಕ್ಕರು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಅಪ್ಪ ನೆಲ ನೋಡುತ್ತಾ ಕೂತಿದ್ದ. ಅತ್ತೆ ಸೀರೆ ಕೊಡವಿಕೊಂಡು ಮನೆಗೆ ಬಂದಳು. ಡೈರಿಗೆ ಹಾಲು ಹಾಕುವ ಹೊತ್ತಾಗಿತ್ತು, ಕೂತು ಹಾಲು ಕರೆದಳು. ಅವತ್ತು ನಕ್ಕವರಲ್ಲಿ ಯಾರ್ಯಾರು ಇದ್ದರು ಅಂತ ನನಗೆ ಇವತ್ತಿಗೂ ನೆನಪಿದೆ. ಕೆಲವರು ಸತ್ತಿದ್ದಾರೆ, ಒಳ್ಳೆಯದಾಯಿತು. ಉಳಿದವರು ನನ್ನ ಮದುವೆಯಲ್ಲಿ ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡು ಹೋದರು.

ಸೇಡು ಒಳ್ಳೆಯದಲ್ಲ ಅಂತ ನಾನು ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಮದ್ದೂರಿನಲ್ಲಿ ಕನ್ನಡ ಟೀಚರ್ ಕೆಲಸ ನನ್ನದು, ಪಠ್ಯದಲ್ಲಿ ಇದ್ದದ್ದನ್ನು ಹೇಳಲೇಬೇಕು. ಹೇಳುವಾಗಲೆಲ್ಲ ಅತ್ತೆಯ ಮುಖ ಕಣ್ಣ ಮುಂದೆ ಬರುತ್ತದೆ. ‘ಮರ್ತುಬುಡಕ್ಕ, ಮರ್ತರೆ ನೆಮ್ದಿ’ ಅಂತ ಅಪ್ಪ ಒಂದು ಸಲ ಅಂದಾಗ ಅವಳು ಸಾರಿನ ಸೌಟು ಕೆಳಗಿಟ್ಟು, ‘ನಿಂಗೆ ನೆಮ್ದಿ ಬೇಕು, ನೀ ಮರ್ತ್ಕೊ. ನಂಗೆ ಓರಿ ಬೇಕು’ ಅಂದಿದ್ದಳು.

ಅದಾದ ಮೇಲೆ ಅವಳು ಮಾಡಿದ್ದು ಇಷ್ಟೇ, ಕಾದಳು. ಹಾಳಾದ ಹೋರಿಯನ್ನು ಮಾರಲಿಲ್ಲ. ಕಬ್ಬಿನ ಗಾಡಿಗೆ ಕಟ್ಟಿಸಿದಳು, ಮುದಿಯಾಗಿ ಸಾಯುವತನಕ ಸಾಕಿದಳು. ಹಸುವನ್ನು ಮತ್ತೆ ಮಳವಳ್ಳಿ ಕಡೆಗೆ ಹೊಡೆದಳು. ಹೆಣ್ಣು ಕರು. ಮತ್ತೆ ಹೆಣ್ಣು. ಆ ಹಸು ಹೋಗಿ ಅದರ ಮಗಳು ಬಂತು, ಮೊಮ್ಮಗಳು ಬಂತು. ಎಲ್ಲರೂ ಹೆಣ್ಣು ಕರು ಹುಟ್ಟಿತು ಅಂತ ಖುಷಿಪಟ್ಟರೆ ಇವಳು ಹೊಸ ಹೋರಿ ಹುಡುಕಲು ಹೊರಡುತ್ತಿದ್ದಳು. ಅಷ್ಟರಲ್ಲಿ ನನ್ನನ್ನು ಮಳವಳ್ಳಿಯ ಹತ್ತಿರದ ಊರಿಗೇ ಕೊಟ್ಟರು. ‘ಒಳ್ಳೇದಾಯ್ತು, ಆ ಕಡೆ ಒಳ್ಳೇ ದನ ಅವೆ’ ಅಂತ ಆಶೀರ್ವಾದ ಮಾಡಿದಳು.

ಕೊನೆಗೂ ಗಂಡು ಕರು ಬಂತು. ಅದು ಹುಟ್ಟಿದ ದಿನದಿಂದ ಅತ್ತೆ ಊರು ಬಿಟ್ಟು ಹೊರಗೆ ಹೋಗಲಿಲ್ಲ. ನನ್ನ ಮಗನ ನಾಮಕರಣಕ್ಕೂ ಬರಲಿಲ್ಲ. ‘ನಾ ಬಂದ್ರೆ ಅದ್ಕೆ ನೀರ್ ಕುಡ್ಸೋರ್ ಯಾರು?’ ಅಂದಳು. ಆ ಮಾತಿನ ಒಳಗೆ ಏನಿತ್ತು ಅಂತ ಗೊತ್ತಿದ್ದದ್ದರಿಂದ ನನಗೆ ಬೇಸರವಾಗಲಿಲ್ಲ. ಹಿತ್ತಿಲಿಗೆ ಅಡ್ಡಲಾಗಿ ಗೋಡೆ ಹಾಕಿಸಿ, ಚಿಲಕದ ಜಾಗಕ್ಕೆ ಬೀಗ ತಂದಳು. ಹೋರಿ ಬೆಳೆದು ನಿಂತಿತು. ಗದ್ದೆಯಲ್ಲಿ ನಡೆಸಿ ಹೆಜ್ಜೆ ನೋಡಿದಳು. ಊರಿಗೆಲ್ಲ ಸಾರಿದಳು: ಯಾರ ಹಸು ಬೇಕಾದರೂ ಬರಲಿ, ಒಂದು ರೂಪಾಯಿ ಬೇಡ, ಒಂದು ಕಾಯಿ ಬೇಡ. ಆಚೆಮನೆಯದ್ದು ಒಂದು ಬಿಟ್ಟು.

ಜನ ಬಿಟ್ಟಿ ಅಂದರೆ ಬಿಡುತ್ತಾರೆಯೆ? ನ್ಯಾಯದಲ್ಲಿ ನಕ್ಕವರೇ ಮೊದಲು ಹಸು ಹಿಡಿದುಕೊಂಡು ಬಂದರು. ಅತ್ತೆ ಒಬ್ಬೊಬ್ಬರಿಗೂ ಕಾಫಿ ಕೊಟ್ಟಳು. ಅವರ ಹಸುಗಳೆಲ್ಲ ದೊಡ್ಡಪ್ಪನ ಮನೆಯ ಮುಂದೆ ಹಾದೇ ನಮ್ಮನೆಗೆ ಬರಬೇಕು. ಅವನು ಕಲ್ಲಿನ ಮೇಲೆ ಕೂತು ನೋಡುತ್ತಿದ್ದ. ಹುಟ್ಟಿದ ಗಂಡು ಕರುಗಳು ಒಳ್ಳೆಯವು ಅನ್ನಿಸಿದರೆ ಸುತ್ತಲ ಊರಿನವರು ಬೀಜಕ್ಕೆ ಅಂತ ಕೊಂಡೊಯ್ಯುತ್ತಿದ್ದರು. ಅವರಿಂದಲೂ ಅತ್ತೆ ಮಾತು ತೆಗೆದುಕೊಂಡಳು, ಆಚೆಮನೆಯ ಹಸುವಿಗೆ ಬಿಡುವ ಹಾಗಿಲ್ಲ ಅಂತ. ಕೊಟ್ಟ ಮಾತಿಗೆ ಅವರು ತಪ್ಪಲಿಲ್ಲ. ಗಾಡಿ ಓಟದ ಹುಚ್ಚು ಹತ್ತಿದ ಹುಡುಗರು ನಮ್ಮ ಹೋರಿಯ ಕರುಗಳ ಫೋಟೋಗಳನ್ನು ಮೊಬೈಲಿನಲ್ಲಿ ಊರೂರಿಗೆ ಕಳಿಸುತ್ತಿದ್ದರು.

ಇತ್ತ ದೊಡ್ಡಪ್ಪ ಒಂದು ತಪ್ಪು ಮಾಡಿದ್ದ. ತನ್ನ ಹೋರಿಯ ಮೇಲಿನ ಜಂಬಕ್ಕೆ ಹೊರಗಿನ ಹೋರಿಯನ್ನು ಕೊಟ್ಟಿಗೆಗೆ ಬಿಟ್ಟುಕೊಳ್ಳಲೇ ಇಲ್ಲ. ಆ ಹೋರಿಯ ಹೆಣ್ಣುಮಕ್ಕಳಿಗೆ ಅದರ ಮಗನನ್ನೇ ಹಾರಿಸಿದ, ಮೊಮ್ಮಕ್ಕಳಿಗೂ ಅದನ್ನೇ. ಅತ್ತೆಗೆ ಇದು ಗೊತ್ತಿತ್ತು. ‘ಅವ್ನ ಕೊಟ್ಗೇಲಿ ಎಲ್ಲ ಒಂದೇ ರಕ್ತ ಆಗ್ಲಿ, ಆವಾಗ್ ಬತ್ತಾನೆ’ ಅನ್ನುತ್ತಿದ್ದಳು. ಹಾಗೇ ಆಯಿತು. ಕರುಗಳು ಗಿಡ್ಡ ಹುಟ್ಟಿದವು, ಮಂಡಿ ಸೊಟ್ಟ ಹುಟ್ಟಿದವು, ಕೆಲವು ಎದ್ದು ನಿಲ್ಲಲೇ ಇಲ್ಲ. ಹೋರಿಯಿಲ್ಲದೆ ಗಬ್ಬ ಕಟ್ಟಿಸುವ ಇಂಜೆಕ್ಷನ್ ಕೊಡಿಸಬಹುದಿತ್ತು. ಆದರೆ ಬೀಜದ ಹೋರಿಯ ಮನೆ ಅಂತ ಹೆಸರು ಮಾಡಿದವನು ಕಡ್ಡಿಯ ಇಂಜೆಕ್ಷನ್ನಿಗೆ ಕೈ ಚಾಚಿದರೆ ಊರು ನಗುತ್ತದೆ. ಊರು ಹೇಗೆ ನಗುತ್ತದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಒಂದು ಸಲ ಕಳ್ಳದಾರಿ ಹಿಡಿದ. ಬೇರೆ ಊರಿನ ತನ್ನ ಬಾಮೈದನ ಕೈಯಲ್ಲಿ ಹಸು ಹಿಡಿಸಿ ಕಳಿಸಿದ. ಬಾಮೈದ ಬಂದು, ‘ನಂದೇ ಅಸ ಕಣಕ್ಕ’ ಅಂದ. ಅತ್ತೆ ಹಸುವಿನ ಸುತ್ತ ಒಂದು ಸುತ್ತು ಬಂದಳು. ಕೊಂಬು ನೋಡಿದಳು, ಕಾಲು ನೋಡಿದಳು. ‘ನಿಂದಾದ್ರೂ ಅಷ್ಟೆ, ಯಾರ್ದಾದ್ರೂ ಅಷ್ಟೆ. ಇದ್ರಪ್ಪನೂ ಆಚೆಮನೆಯೋನು, ಅವ್ವನೂ ಆಚೆಮನೆಯೋಳು. ಕಾಫಿ ಕುಡ್ದು ಓಗು’ ಅಂದಳು. ಆತ ಕಾಫಿ ಕುಡಿದು ಹಸು ಹಿಡಿದುಕೊಂಡು ಹೋದ. ನನಗೆ ಫೋನಿನಲ್ಲಿ ಹೇಳುವಾಗ ಅತ್ತೆ ನಕ್ಕೂ ನಕ್ಕೂ ಕೆಮ್ಮಿದಳು.

ಆಮೇಲೆ ದೊಡ್ಡಪ್ಪನೇ ಬಂದ. ಬೇಸಿಗೆ ರಜೆಗೆ ನಾನು ತವರಲ್ಲಿದ್ದೆ. ಅವನ ತಲೆ ಬೆಳ್ಳಗಾಗಿತ್ತು, ಟವೆಲ್ಲು ಮಾತ್ರ ಹಾಗೇ ಹೆಗಲ ಮೇಲಿತ್ತು. ಅತ್ತೆ ಚಾಪೆ ಹಾಸಿದಳು, ಕಾಫಿ ಕೊಟ್ಟಳು, ಎದುರಿಗೆ ಕೂತಳು.

‘ಎಲ್ಲಾರ್ಗೂ ಬುಡ್ತೀಯ, ನಂಗೂ ಬುಡು. ಎಷ್ಟಾದ್ರೂ ಒಂದೇ ಮನೇಲಿ ಉಟ್ಟಿ ಬೆಳ್ದೋರು’ ಅಂದ.

‘ಬುಡಾನ. ಅವತ್ತು ಅರಳಿಕಟ್ಟೇಲಿ ಒಂದ್ಮಾತು ಅಂದಿದ್ದೆ. ಊರ ಮುಂದೆ ನಿಂತ್ಕಂಡು ಆ ಮಾತ್ನ ವಾಪಸ್ ತಕ್ಕೊ. ಆಮೇಲ್ ಅಸ ಇಡ್ಕಂಡ್ ಬಾ.’

ಅವನು ಕಾಫಿ ಲೋಟ ಕೆಳಗಿಟ್ಟ. ‘ಏನಂದಿದ್ದೆ?’ ಅಂದ.

ನಾಟಕ ಅಂತ ನಾನು ಮೊದಲು ಅಂದುಕೊಂಡೆ. ಅವನ ಮುಖ ನೋಡಿದರೆ ನಾಟಕ ಅನ್ನಿಸಲಿಲ್ಲ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ.

‘ಏನೋ ಸಿಟ್ನಲ್ಲಿ ಬಾಯ್ಗೆ ಬಂದಿರ್ತದೆ. ಯಾವ್ ಕಾಲದ್ದು ಕಣವ್ವ ಅದು. ನೀನೇ ಯೋಳು, ಏನಂದೆ?’

ಅತ್ತೆ ಅವನ ಲೋಟ ಎತ್ತಿಕೊಂಡು ಎದ್ದಳು. ‘ನಾ ಯಾಕ್ ಯೋಳ್ಲಿ? ಅಂದೋನು ನೀನು. ನೆಪ್ಪಾದಾಗ ಬಾ’ ಅಂದಳು.

ಅವನು ಹೋದ ಮೇಲೆ ಅವಳು ಗೆದ್ದ ಖುಷಿಯಲ್ಲಿರುತ್ತಾಳೆ ಅಂದುಕೊಂಡಿದ್ದೆ. ಬಿಳಿಚಿಕೊಂಡು ಕೂತಿದ್ದಳು. ‘ಅಂದೋನ್ಗೆ ಮರ್ತೋಗ್ಬುಟ್ಟದೆ ಕಣೆ’ ಅಂದಳು. ‘ಇಷ್ಟ್ ವರ್ಸ ನಾನೊಬ್ಳೇ ಒತ್ಕಂಡ್ ತಿರುಗ್ದೆ.’ ಆ ಮನುಷ್ಯನ ಮೇಲೆ ನನಗೆ ಅದಕ್ಕೆ ಮೊದಲೂ ಸಿಟ್ಟಿತ್ತು. ಆದರೆ ಕರುವಿನ ಬೀಜ ಒಡೆಸಿದ್ದನ್ನಾದರೂ ಮರೆಯಬಹುದಿತ್ತೇನೋ, ಈ ಮರೆತದ್ದನ್ನು ಮಾತ್ರ ನಾನು ಮರೆಯಲಾರೆ.

ದೊಡ್ಡಪ್ಪ ಊರೆಲ್ಲ ವಿಚಾರಿಸಿದನಂತೆ, ‘ಅವತ್ತು ನಾನೇನಂದಿದ್ದೆ’ ಅಂತ. ಯಾರೂ ಹೇಳಲಿಲ್ಲ. ಹೇಳಿದರೆ ತಾನೂ ನಕ್ಕಿದ್ದೆ ಅಂತ ಒಪ್ಪಿಕೊಂಡ ಹಾಗೆ, ಮೇಲಾಗಿ ಎಲ್ಲರ ಹಸುವಿಗೂ ಅತ್ತೆಯ ಹೋರಿ ಬೇಕಿತ್ತು. ಒಂದು ಸಂಜೆ ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನೂ ಹಿಡಿದ. ‘ಮಗ, ನೀನು ಅವತ್ತು ಅಲ್ಲೇ ಇದ್ದಲ್ಲ, ಯೋಳವ್ವ’ ಅಂದ. ಹೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ‘ನನ್ನ ಬಸ್ಸು ಬಂತು ದೊಡ್ಡಪ್ಪ’ ಅಂದೆ. ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ಪಕ್ಕಪಕ್ಕ ನಿಂತು ಕಾದೆವು.

ಅತ್ತೆಗೆ ಕೆಮ್ಮು ಹೆಚ್ಚಾಗಿ ಮಂಡ್ಯದಲ್ಲಿ ತೋರಿಸಿದಾಗ ಶ್ವಾಸಕೋಶ ಕೆಟ್ಟಿದೆ, ಹೆಚ್ಚು ದಿನ ಇಲ್ಲ ಅಂದರು. ಅವಳಿಗೆ ಚಿಂತೆ ಇದ್ದದ್ದು ಸಾವಿನ ಬಗ್ಗೆ ಅಲ್ಲ, ಅಪ್ಪನ ಬಗ್ಗೆ. ಸಕ್ಕರೆ ಕಾಯಿಲೆಯಿಂದ ಅಪ್ಪನ ಕಣ್ಣು ಮಂಜಾಗಿತ್ತು. ಕೊಟ್ಟಿಗೆಯ ಕಡೆ ಹೋಗುವುದನ್ನು ಬಿಟ್ಟು ಜಗುಲಿಯಲ್ಲೇ ಕೂತಿರುತ್ತಿದ್ದ. ನಾನು ನೋಡಲು ಹೋದಾಗ ಅತ್ತೆ ಹೇಳಿದಳು: ‘ನನ್ ಮಣ್ಣ್ ಮಾಡಿ ಬಂದ್ ಕೈ ತೊಳ್ಯಕ್ ಮುಂಚೆ ನಿಮ್ಮಪ್ಪ ಓರಿ ಅಗ್ಗ ಬಿಚ್ಚಿ ಅವ್ನ್ ಕೈಗ್ ಕೊಡ್ತಾನೆ. ನಿಮ್ಮಪ್ಪನ್ನ ನಾ ಕಾಣ್ನಾ?’

‘ಹೋರಿನ ನಾನು ನಮ್ಮೂರಿಗೆ ಹೊಡ್ಕೊಂಡು ಹೋಗ್ತೀನಿ’ ಅಂದೆ.

‘ಬ್ಯಾಡ. ಅದರ್ ಮಗನ್ನ ಆಗ್ಲೇ ನಿಮ್ಮೂರ್ಗೆ, ನಿಮ್ಮಟ್ಟೀಗ್ ಕಳ್ಸಿದ್ದೀನಿ, ಅವ್ನ್ ಸಾಕು. ಇದು ಇಲ್ಲೇ ಇರ್ಲಿ. ಅವ್ನು ಬಂದು ನೋಡ್ಬೇಕು.’

ಅವಳ ಮನಸ್ಸಿನಲ್ಲಿ ಏನಿದೆ ಅಂತ ಆಗ ಹೊಳೆಯಿತು. ಬೇಡ ಅನ್ನಲು ಬಾಯಿ ತೆರೆದೆ. ಅವಳು ಇಡೀ ಬದುಕು ಹಾಕಿ ಬೆಳೆಸಿದ್ದು ಅದು. ಅವಳ ಕಣ್ಣು ನೋಡಿ ಬಾಯಿ ಮುಚ್ಚಿಕೊಂಡೆ. ಮಾರನೆಯ ದಿನ ದನದ ಡಾಕ್ಟರೊಬ್ಬರನ್ನು ಕರೆಸಿದೆ. ಇಂಥ ಹೋರಿಯದ್ದು ಯಾಕಮ್ಮ ಅಂತ ಅವರು ಎರಡೆರಡು ಸಲ ಕೇಳಿದರು. ‘ನಂದು ಓರಿ. ಒಡೀರಿ’ ಅಂದಳು ಅತ್ತೆ. ನಿಲ್ಲಲು ಶಕ್ತಿ ಇರಲಿಲ್ಲ, ಕೊಟ್ಟಿಗೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಹಗ್ಗ ನಾನು ಹಿಡಿದೆ. ಇಕ್ಕಳ ಒತ್ತಿದಾಗ ಹೋರಿ ಮಂಡಿಯೂರಿತು. ಅತ್ತೆ ಕಣ್ಣು ಮುಚ್ಚಲಿಲ್ಲ. ಆಮೇಲೆ ಅದರ ಹಣೆಗೆ ತನ್ನ ಹಣೆ ಕೊಟ್ಟು ಬಹಳ ಹೊತ್ತು ಇದ್ದಳು. ಹಸು ಹಿಡಿದು ಬಂದವರಿಗೆ ಹೋರಿಯ ಕಾಲು ಉಳುಕಿದೆ ಅಂತ ಹೇಳಿ ಕಳಿಸಿದೆವು. ಇದರಲ್ಲಿ ನನಗೆ ಪಶ್ಚಾತ್ತಾಪ ಇದೆಯೆ ಅಂತ ಕೇಳಿದರೆ ಇಲ್ಲ. ಇನ್ನೊಂದು ಸಲ ಅಂದರೂ ಹಗ್ಗ ಹಿಡಿಯುತ್ತೇನೆ.

ಎರಡು ತಿಂಗಳಿಗೆ ಅತ್ತೆ ತೀರಿಕೊಂಡಳು. ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದ ದಿನ ನೆಂಟರಿಷ್ಟರು, ಊರಿನವರು ಅಂಗಳ ತುಂಬ ಕೂತಿದ್ದರು. ದೊಡ್ಡಪ್ಪ ಬಂದು ಜಗುಲಿ ಹತ್ತಿ ನಿಂತ. ಅವನಿಗೆ ನೆನಪಾಗಿತ್ತು. ನೆನಪಾಗಿತ್ತು ಅನ್ನುವುದಕ್ಕಿಂತ, ಅವನ ಹೆಂಡತಿ ಹೇಳಿದ್ದಳು. ಅಷ್ಟು ವರ್ಷ ಅವಳಿಗೂ ಗೊತ್ತಿತ್ತು, ಅತ್ತೆ ಸಾಯುವತನಕ ಅವಳೂ ಹೇಳಿರಲಿಲ್ಲ.

‘ಎಲ್ಲಾರೂ ಕೇಳ್ರಪ್ಪ’ ಅಂದ ದೊಡ್ಡಪ್ಪ. ‘ಈಯಮ್ಮನ್ನ ನಾನು ಕಟ್ಟೆ ಮೇಲೆ ಗೊಡ್ಡಿ ಅಂದಿದ್ದೆ. ಗೊಡ್ಡಿಗ್ಯಾಕೆ ಬೀಜದೋರಿ ಅಂದಿದ್ದೆ. ತಪ್ಪಾಯ್ತು. ಆ ಮಾತ್ನ ವಾಪಸ್ ತಕ್ಕತೀನಿ.’ ಹಾರ ಹಾಕಿದ್ದ ಫೋಟೋಕ್ಕೆ ಕೈ ಮುಗಿದ. ಸೆರಗಿನಲ್ಲಿ ಕಣ್ಣೊರೆಸಿಕೊಂಡವರೂ ಇದ್ದರು. ಅಪ್ಪ ಕೈ ತಡವರಿಸಿ ಅವನ ಭುಜ ಹಿಡಿದು, ‘ಬುಡಣ್ಣ, ಆಯ್ತು. ಓಗಿ ಓರಿ ನೋಡು. ನಾಳೀಕೆ ಅಸ ಇಡ್ಕಂಬಾ’ ಅಂದ. ಕೈ ತೊಳೆಯುವತನಕವೂ ಕಾಯಲಿಲ್ಲ ಅಪ್ಪ.

ನಾನೇ ಅವನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಹೋರಿ ಹುಲ್ಲು ತಿನ್ನುತ್ತಿತ್ತು. ಕತ್ತಿನ ಮೇಲೆ ಕೈಯಾಡಿಸಿದ, ಬೆನ್ನು ತಟ್ಟಿದ, ಹಿಂದಕ್ಕೆ ಹೋಗಿ ಬಗ್ಗಿದ. ಬಗ್ಗಿದವನು ಏಳಲಿಲ್ಲ. ಮೆಲ್ಲಗೆ ಗೋದಲಿ ಹಿಡಿದುಕೊಂಡು ನೆಲದ ಮೇಲೆ ಕೂತ.

‘ಯಾವಾಗ?’ ಅಂದ.

‘ಎರಡು ತಿಂಗಳಾಯ್ತು. ಅತ್ತೆನೇ ಒಡೆಸಿದ್ಲು. ಹಗ್ಗ ನಾನು ಹಿಡಿದಿದ್ದೆ.’

‘ಇಂಥ ಓರೀನ’ ಅಂದ. ಸಗಣಿ ಗಂಜಳದ ನೆಲದಲ್ಲಿ ಬಿಳಿ ಪಂಚೆ ಉಟ್ಟುಕೊಂಡು ಕೂತಿದ್ದ ಮುದುಕನನ್ನು ನೋಡಿ ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅತ್ತೆ ಇದನ್ನು ನೋಡಲು ಇರಬೇಕಿತ್ತು ಅನ್ನಿಸಿತು, ಅಷ್ಟೆ. ಓದು ಬರಹ ನನಗೆ ಶಾಲೆಯಲ್ಲಿ ಬಂತು. ತಲೆ ಎತ್ತಿ ನಿಲ್ಲುವುದನ್ನು ಅವಳಿಂದ ಕಲಿತೆ. ಆ ಋಣ ತೀರಿಸಲು ನನಗೆ ಬೇರೆ ದಾರಿ ಗೊತ್ತಿರಲಿಲ್ಲ.

ಅವನು ತಲೆ ಎತ್ತಿದ. ‘ಬೇರೆ ಊರೋರು ನಿಮ್ಮತ್ತೆಗ್ ಮಾತ್ ಕೊಟ್ಟವ್ರೆ, ಅವ್ರು ಬುಡಲ್ಲ. ಇದ್ರ್ ಮಗ ಒಂದು ನಿಮ್ಮಟ್ಟೀಲದೆ ಅಂತಾರೆ. ದಿಟ್ವಾ?’

‘ದಿಟ.’

‘ನನ್ ಅಸೀಗೆ ಬುಡ್ತೀಯಾ ಮಗ? ಊರ ಮುಂದೆ ತಪ್ಪ್ ಒಪ್ಕಂಡಿದ್ದೀನಿ. ಇನ್ನೇನದೆ?’

‘ನಂದೇನಿಲ್ಲ ದೊಡ್ಡಪ್ಪ’ ಅಂದೆ. ‘ಅತ್ತೇನ ಒಂದ್ಮಾತು ಕೇಳಿ ಹೇಳ್ತೀನಿ.’